ಮೈಮೇಲೆ 3ಎ, ನಂಬರು ಹಳೇ 2ರದ್ದು: ರೀಬಿಲ್ಡ್ ಆದ ಡೀಸೆಲ್ ಇಂಜಿನ್‌ಗೆ ಹೆಸರಿಡೋದು ಯಾವ ಲೆಕ್ಕದಲ್ಲಿ?

ಅರಸೀಕೆರೆ ಲೂಪ್‌ಲೈನ್
ನಿನ್ನೆ ಸಂಜೆ ಅರಸೀಕೆರೆಯಲ್ಲಿ ಜಲ್ಲಿ ಗಾಡಿಯೊಂದು ಕ್ರಾಸಿಂಗ್‌ಗೆ ಕಾಯ್ತಾ ಲೂಪ್‌ನಲ್ಲಿ (ಪಕ್ಕದ ಹಳಿ) ನಿಂತಿತ್ತು. ಮುಂದೆ ಒಂದು ಆಲ್ಕೋ, ಅಂದರೆ ಅಮೆರಿಕದ ಆಲ್ಕೋ ಕಂಪನಿ ಮಾದರಿಯ ಹಳೇ ಡೀಸೆಲ್ ಇಂಜಿನ್. ಕರೆಂಟ್ ಇಂಜಿನ್‌ಗಳ ಕಾಲದಲ್ಲಿ ಆ ಗುಡುಗುಡು ಕೇಳಿದ್ದೇ ಭಾಗ್ಯ ಅಂತ ಪ್ಲಾಟ್‌ಫಾರ್ಮ್ ತುದಿಗೆ ಓಡಿದೆ. ಕ್ಯಾಬ್ ಪಕ್ಕದಲ್ಲಿ ಡಬ್ಲ್ಯುಡಿಎಂ-3ಎ ಅಂತ ಬರೆದಿದೆ. ನಂಬರು ಮಾತ್ರ 17 ಸಾವಿರದ ಸರಣಿಯದ್ದು, ಕೊನೆಗೆ ಒಂದು 'ಆರ್' ಅಕ್ಷರ. ನನ್ನ ಹತ್ತಿರ ಇರೋ ಹಳೇ ಪಟ್ಟಿಯಲ್ಲಿ 17 ಸಾವಿರದವು ಹೆಚ್ಚಿನವು ಡಬ್ಲ್ಯುಡಿಎಂ-2.

ಹಾಗಾದ್ರೆ ಇದು 2 ಆ, 3ಎ ಆ? ಆ 'ಆರ್' ಯಾಕೆ? ಹಳೇ ಇಂಜಿನ್‌ಗೆ ಬಣ್ಣ ಬಳಿದು ಹೊಸ ಹೆಸರು ಇಟ್ಟರೆ ಅದು ಹೊಸದಾಗಿಬಿಡುತ್ತಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಪಿಟ್‌ಲೈನ್
'ಆರ್' ಅಂದರೆ ರೀಬಿಲ್ಟ್. ಪಂಜಾಬಿನ ಪಟಿಯಾಲಾಕ್ಕೆ ಹೋಗಿ ಬಂದಿದೆ ಅಂತ ಅರ್ಥ. ಅಲ್ಲಿನ ಕಾರ್ಖಾನೆ 1981ರಲ್ಲಿ ಡೀಸೆಲ್ ಕಾಂಪೊನೆಂಟ್ ವರ್ಕ್ಸ್ ಅಂತ ಶುರುವಾಯ್ತು, 2003ರಲ್ಲಿ ಡೀಸೆಲ್ ಲೋಕೋ ಮಾಡರ್ನೈಸೇಷನ್ ವರ್ಕ್ಸ್ ಆಯ್ತು, ಈಗ ಪಟಿಯಾಲಾ ಲೋಕೋಮೋಟಿವ್ ವರ್ಕ್ಸ್. (ಇಂಜಿನ್‌ಗೆ ಮರುನಾಮಕರಣ ಮಾಡುವ ಕಾರ್ಖಾನೆಗೇ ಮೂರು ಹೆಸರು, ನೋಡಿ.) ಇಂಜಿನ್ ಅರ್ಧ ಆಯುಷ್ಯ ಮುಗಿಸಿದ ಮೇಲೆ, ಸುಮಾರು 18 ವರ್ಷಕ್ಕೆ, ಅಲ್ಲಿಗೆ ಕಳಿಸ್ತಾರೆ. ಪೂರ್ತಿ ಬಿಚ್ಚಿ ಚಾಸಿ ಬೆತ್ತಲೆ ಮಾಡಿ ಮತ್ತೆ ಕಟ್ಟುತ್ತಾರೆ.

ಆದರೆ 'ಆರ್' ಇದ್ದ ಮಾತ್ರಕ್ಕೆ 3ಎ ಅಲ್ಲ. ಪಟಿಯಾಲಾಕ್ಕೆ ಹೋಗಿ ಬಂದೂ 2600 ಅಶ್ವಶಕ್ತಿಯಲ್ಲೇ ಉಳಿದವು ಮೈಮೇಲೆ ಡಬ್ಲ್ಯುಡಿಎಂ-2 ಅಂತಲೇ ಬರೆಸಿಕೊಂಡು ಬಂದವು, ನಂಬರಿನ ಬಾಲಕ್ಕೆ ಮಾತ್ರ 'ಆರ್'. 3100ಕ್ಕೆ ಏರಿಸಿಕೊಂಡು ಬಂದವಕ್ಕೆ 3ಎ. ಇವೆರಡು ಬೇರೆ ಬೇರೆ ಲೆಡ್ಜರು. ನೀವು ಎರಡನ್ನೂ ಒಂದೇ ಪುಟದಲ್ಲಿ ಓದ್ತಾ ಇದ್ದೀರಿ, ಅದಕ್ಕೇ ತಲೆ ಕೆಟ್ಟಿರೋದು.

ಆಲ್ಕೋ ಹೊಗೆ
ಹೊಸಬರಿಗೆ ಅಕ್ಷರಾಭ್ಯಾಸ ಮಾಡಿಸಿಬಿಡೋಣ. ಡಬ್ಲ್ಯು ಅಂದರೆ ಬ್ರಾಡ್‌ಗೇಜ್ (ಮೀಟರ್‌ಗೇಜ್‌ಗೆ ವೈ), ಡಿ ಅಂದರೆ ಡೀಸೆಲ್, ಎಂ ಅಂದರೆ ಮಿಕ್ಸೆಡ್, ಅಂದರೆ ಗೂಡ್ಸಿಗೂ ಪ್ಯಾಸೆಂಜರಿಗೂ ಆಗುತ್ತೆ. ಜಿ ಗೂಡ್ಸು, ಪಿ ಪ್ಯಾಸೆಂಜರು, ಎಸ್ ಶಂಟಿಂಗು. ಇಷ್ಟರವರೆಗೆ ಯಾರದ್ದೂ ತಕರಾರಿಲ್ಲ.

ಕೊನೆಯ ಅಂಕಿ ಮೊದಲು ಬರೀ ಸರದಿ ಸಂಖ್ಯೆ. 1957ರಲ್ಲಿ ಬಂದದ್ದು ಡಬ್ಲ್ಯುಡಿಎಂ-1, 1962ರಲ್ಲಿ ಆಲ್ಕೋದವರದ್ದು 2, ಅದೇ ಹೊತ್ತಿಗೆ ಅಮೆರಿಕದ ಇಎಂಡಿ ಕಂಪನಿಯಿಂದ ಬಂದದ್ದು 4. ಆ 2 ಅನ್ನೋದಕ್ಕೂ 2600ಕ್ಕೂ ನೆಂಟಸ್ತಿಕೆ ಇಲ್ಲ, ಕಾಕತಾಳೀಯ. 2000ದ ದಶಕದ ಆರಂಭದಲ್ಲಿ ಹೊಸ ಪದ್ಧತಿ ತಂದರು: ಅಂಕಿ ಅಂದರೆ ಸಾವಿರ ಅಶ್ವಶಕ್ತಿ, ಅದರ ಪಕ್ಕದ ಅಕ್ಷರ ಅಂದರೆ ನೂರು. ಎ ಅಂದರೆ 100, ಬಿ ಅಂದರೆ 200, ಹೀಗೆ. 3ಎ ಅಂದರೆ 3100.

ತಮಾಷೆ ಏನು ಗೊತ್ತಾ? 1994ರಿಂದಲೇ ವಾರಾಣಸಿಯ ಡಿಎಲ್‌ಡಬ್ಲ್ಯು ಕಾರ್ಖಾನೆ 3100 ಅಶ್ವಶಕ್ತಿಯ ಇಂಜಿನ್ ಮಾಡ್ತಾ ಇತ್ತು. ಆಗ ಅದರ ಹೆಸರು ಡಬ್ಲ್ಯುಡಿಎಂ-2ಸಿ. ಹೊಸ ಪದ್ಧತಿ ಬಂದ ದಿನ ಅವೆಲ್ಲ ಡಬ್ಲ್ಯುಡಿಎಂ-3ಎ ಆದವು. ಡಬ್ಲ್ಯುಡಿಜಿ-2 ಹೋಗಿ ಡಬ್ಲ್ಯುಡಿಜಿ-3ಎ, ಡಬ್ಲ್ಯುಡಿಪಿ-2 ಹೋಗಿ ಡಬ್ಲ್ಯುಡಿಪಿ-3ಎ. ಒಂದು ಬೋಲ್ಟ್ ಬಿಚ್ಚಿಲ್ಲ, ಪೇಂಟರ್ ಬಂದ, ಬರೆದ, ಹೋದ. ಹಾಗಾಗಿ ಹೆಸರು ಬದಲಾದದ್ದೆಲ್ಲ ರೀಬಿಲ್ಡ್ ಅಲ್ಲ, ರೀಬಿಲ್ಡ್ ಆದದ್ದಕ್ಕೆಲ್ಲ ಹೆಸರು ಬದಲಾಗಿಲ್ಲ.

ಅರಸೀಕೆರೆ ಲೂಪ್‌ಲೈನ್
ಮತ್ತೆ 2ಎ, 2ಬಿ ಅಂತ ಇದ್ದವಲ್ಲ? ಈ ಲೆಕ್ಕದಲ್ಲಿ 2ಎ ಅಂದರೆ 2100 ಆಗಬೇಕು. 2ಕ್ಕಿಂತ 2ಎ ಕಡಿಮೆ ಶಕ್ತಿಯದ್ದಾ?

ಆಲ್ಕೋ ಹೊಗೆ
ಅಲ್ಲ ಮಾರಾಯ್ರೇ, ಅದು ಹಳೇ ಪದ್ಧತಿಯ ಪಳೆಯುಳಿಕೆ. ಅಲ್ಲಿ ಅಕ್ಷರ ಬ್ರೇಕಿಗೆ ಸಂಬಂಧಪಟ್ಟದ್ದು. ಮೊದಲು ಬರೀ ವ್ಯಾಕ್ಯೂಮ್ ಬ್ರೇಕ್ ಇದ್ದ ಇಂಜಿನ್‌ಗೆ ಆಮೇಲೆ ಏರ್‌ಬ್ರೇಕ್ ಜೋಡಿಸಿದರೆ 2ಎ. ಹುಟ್ಟುವಾಗಲೇ ಏರ್‌ಬ್ರೇಕ್ ಇದ್ದರೆ 2ಬಿ. ಶಂಟಿಂಗ್‌ಗೆ ತಳ್ಳಿದವಕ್ಕೆ 2ಎಸ್. ಅದು ರೀಬಿಲ್ಡೂ ಅಲ್ಲ ಏನೂ ಅಲ್ಲ, ಹಿಂಬಡ್ತಿ ಅಷ್ಟೆ.

ಹೊಸ ಪದ್ಧತಿಯೂ ಅಷ್ಟು ಶುದ್ಧ ಅಂತ ಅಂದುಕೋಬೇಡಿ. ಡಬ್ಲ್ಯುಡಿಎಂ-3ಡಿ ಲೆಕ್ಕದ ಪ್ರಕಾರ 3400 ಇರಬೇಕು, ಇರೋದು 3300. ಯಾಕಂದ್ರೆ 3300ಕ್ಕೆ ಸಲ್ಲಬೇಕಾದ 'ಸಿ' ಆಗಲೇ ಇನ್ನೊಂದಕ್ಕೆ ಹೋಗಿತ್ತು. ಬಸ್ಸಲ್ಲಿ ಕರ್ಚೀಫ್ ಹಾಕಿದ ಹಾಗೆ: ಸೀಟು ಹೋಯ್ತು, ಪಕ್ಕದ ಸೀಟಲ್ಲಿ ಕೂತರು.

ಹುಬ್ಬಳ್ಳಿ ಮಂದಿ
ನಿಮ್ಮ ಆಲ್ಕೋ ಪುರಾಣ ಮುಗೀತೇನ್ರೀ? ನಮ್ಮ ಹುಬ್ಬಳ್ಳಿ ಶೆಡ್ಡಿನ ಕಡೆ ಬರ್ರಿ. ಡಬ್ಲ್ಯುಡಿಪಿ-4 4000 ಅಶ್ವಶಕ್ತಿ, ಸರಿ ಐತಿ. 4ಬಿ ಅಂದ್ರ 4200 ಇರಬೇಕಲ್ಲ? ಅದು 4500. 4ಡಿ ಅಂದ್ರ 4400? ಅದೂ 4500! ಅಲ್ಲಿ 'ಡಿ' ಅಂದ್ರ ಡ್ಯುಯಲ್ ಕ್ಯಾಬ್, ಎರಡೂ ಕಡೆ ಡ್ರೈವರ್ ಕೂಡೂ ಖೋಲಿ. ಇಎಂಡಿ ಇಂಜಿನ್ ಬಂದ ಕೂಡ್ಲೇ ಅಕ್ಷರದ ಲೆಕ್ಕ ಗಾಳಿಗೆ ಹಾರಿ ಹೋತು.

ಇನ್ನೊಂದು ಮಾತು. ಡಬ್ಲ್ಯುಡಿಪಿ-4ಕ್ಕ ಆರು ಗಾಲಿಜೋಡಿ ಇದ್ರೂ ಮೋಟಾರ್ ನಾಲ್ಕೇ. 4ಬಿಗೆ ಆರಕ್ಕ ಆರೂ ಮೋಟಾರ್. ನನ್ನ ಕೇಳಿದ್ರ ಇದು 100-200 ಅಶ್ವಶಕ್ತಿಗಿಂತ ದೊಡ್ಡ ಫರಕು. ಕ್ಯಾಸಲ್‌ರಾಕ್ ಘಾಟಿನ್ಯಾಗ 37ಕ್ಕ ಒಂದು ಏರು ಐತಿ, ಅಲ್ಲಿ ಬಂದು ನೋಡ್ರಿ ಮೋಟಾರಿನ ಬೆಲೆ. ಹೆಸರಿನ್ಯಾಗ ಮಾತ್ರ ಅದು ಕಾಣಂಗಿಲ್ಲ.

ಮೇಲ್ ಡ್ರೈವರ್ ನಿವೃತ್ತ
ಓದುತ್ತಿದ್ದೆ, ಬರೆಯದೇ ಇರಲಾಗಲಿಲ್ಲ. ಹೆಸರು ಫ್ಯಾನ್‌ಗಳ ಆಟಕ್ಕೆ ಇಟ್ಟದ್ದಲ್ಲ ಸ್ವಾಮಿ, ಲೋಡ್ ಚಾರ್ಟಿಗೆ ಇಟ್ಟದ್ದು. ಕಂಟ್ರೋಲಿನವನಿಗೆ (ಗಾಡಿಗಳ ಓಡಾಟ ನಿಯಂತ್ರಿಸುವವ) ಇಂಜಿನ್ ಎಲ್ಲಿ ಹುಟ್ಟಿತು, ಯಾವಾಗ ಹುಟ್ಟಿತು ಬೇಕಾಗಿಲ್ಲ. 'ಪವರ್ ಯಾವುದು?' ಅಂತ ಕೇಳ್ತಾನೆ, '3ಎ' ಅಂದರೆ ಚಾರ್ಟ್ ನೋಡಿ ಇಷ್ಟು ವ್ಯಾಗನ್ ಅಂತ ಬರೀತಾನೆ.

ಒಂದು ಸಲದ ಕಥೆ. ಯಾವ ಶೆಡ್ಡು, ಯಾವ ಸೆಕ್ಷನ್ನು ಅಂತ ಹೇಳೋಲ್ಲ, ಕೆಲವರು ಇನ್ನೂ ಡ್ಯೂಟಿಯಲ್ಲಿದ್ದಾರೆ. ರಾತ್ರಿ ಎರಡರ ಸುಮಾರು, ಸಿಮೆಂಟ್ ಗಾಡಿ, ಸಣ್ಣಗೆ ಜಿನುಗು ಮಳೆ. ಇಂಜಿನ್ ಮೈಮೇಲೆ 3ಎ. ಆದರೆ ಟರ್ಬೋ (ಇಂಜಿನ್‌ಗೆ ಗಾಳಿ ತಳ್ಳೋ ಯಂತ್ರ) ಸರಿಯಿಲ್ಲ ಅಂತ ಶೆಡ್ಡಿನಲ್ಲಿ ಅದರ ಶಕ್ತಿ ಇಳಿಸಿ ಬಿಟ್ಟಿದ್ದರು. ಪುಸ್ತಕದಲ್ಲಿ ಬರೆದಿದ್ದರಂತೆ, ಕಂಟ್ರೋಲಿಗೆ ಯಾರೂ ಹೇಳಿರಲಿಲ್ಲ. ಲೋಡು 3ಎ ಲೆಕ್ಕದ್ದೇ ಕೊಟ್ಟರು. ಏರು ಹತ್ತುವಾಗ ಎಂಟನೇ ನಾಚ್‌ನಲ್ಲಿದ್ದೀನಿ, ಅಂದರೆ ಪೂರ್ತಿ ಶಕ್ತಿಯಲ್ಲಿ, ವೇಗದ ಮುಳ್ಳು 15ರಿಂದ 12, 12ರಿಂದ 8. ಆಂಪಿಯರ್ ಮೀಟರು ಕೆಂಪಿನಲ್ಲಿ. ಮರಳು ಬಿಟ್ಟೆ, ಗಾಲಿ ಒಮ್ಮೆ ಜಾರಿತು, ಹಿಡಿಯಿತು, ಮತ್ತೆ ಜಾರಿತು. ಕೊನೆಗೆ ಬೇಲಿ ಕಲ್ಲೊಂದನ್ನು ಗುರುತಿಟ್ಟು ನೋಡಿದೆ, ಕಲ್ಲು ಅಲ್ಲೇ ಇದೆ, ನಾವೂ ಅಲ್ಲೇ. ಹಿಂದಿನಿಂದ ತಳ್ಳೋ ಇಂಜಿನ್ ಬರೋ ಹೊತ್ತಿಗೆ ಬೆಳಕು ಹರಿದಿತ್ತು. ವಿವರಣೆ ಕೇಳಿ ಕಾಗದ ಬಂದದ್ದು ನನಗೆ.

ಆವತ್ತಿನಿಂದ ನಾನು ಹುಡುಗರಿಗೆ ಹೇಳ್ತಿದ್ದದ್ದು ಒಂದೇ: ಮೈಮೇಲೆ ಬರೆದದ್ದನ್ನು ಓದು, ಆದರೆ ಪುಸ್ತಕದಲ್ಲಿ ಬರೆದದ್ದನ್ನು ನಂಬು.

ಪಿಟ್‌ಲೈನ್
ಡ್ರೈವರ್ ಸಾಹೇಬರ ಮಾತಿಗೆ ಶೆಡ್ಡಿನ ಕಡೆಯಿಂದ ಒಂದು ಸೇರಿಸ್ತೀನಿ. ನಮಗೆ ಹೆಸರು ಬೇಕಿದ್ದದ್ದು ಸ್ಪೇರ್ ಪಾರ್ಟಿಗೆ. 2ರಲ್ಲಿ ಇದ್ದದ್ದು ಡಿಸಿ ಜನರೇಟರು, ಪಟಿಯಾಲಾದಿಂದ 3ಎ ಆಗಿ ಬಂದದ್ದರಲ್ಲಿ ಆಲ್ಟರ್ನೇಟರು. ಹೊರಗಿಂದ ನೋಡಿದರೆ ಅದೇ ಹುಡ್ಡು, ಅದೇ ಬಾಗಿಲು. ಒಳಗಿನ ಸಂಸಾರವೇ ಬೇರೆ.

ಡಿಸಿ ಜನರೇಟರಿನಲ್ಲಿ ಕಮ್ಯುಟೇಟರು ಅನ್ನೋ ತಿರುಗುವ ತಾಮ್ರದ ಉರುಳೆ, ಅದರ ಮೇಲೆ ಕಾರ್ಬನ್ ಬ್ರಷ್‌ಗಳ ಸಾಲು. ಬ್ರಷ್ ಸವೆದು ಬೀಳೋ ಕರಿಪುಡಿ ಇದೆಯಲ್ಲ, ಅದು ಎಷ್ಟು ನುಣುಪು ಅಂದರೆ ಸೋಪು ಹಾಕಿ ಉಜ್ಜಿದರೂ ಉಗುರಿನ ಸಂದಿಯಿಂದ ಹೋಗೋದಿಲ್ಲ. ಮನೆಗೆ ಹೋಗಿ ಮುದ್ದೆ ಮುರಿದರೆ ಮುದ್ದೆ ಮೇಲೆ ಬೆರಳಚ್ಚು. ಆಲ್ಟರ್ನೇಟರ್ ಬಂದ ಮೇಲೆ ಆ ಕಾಟ ಬಹುಪಾಲು ತಪ್ಪಿತು. 3100 ಹೇಗೆ ಬಂತು ಅಂದರೆ, ಜಾಸ್ತಿ ಗಾಳಿ ತಳ್ಳೋ ಟರ್ಬೋ, ಆ ಗಾಳಿ ತಣಿಸೋ ದೊಡ್ಡ ಆಫ್ಟರ್‌ಕೂಲರ್, 17 ಮಿಲಿಮೀಟರಿನ ಫ್ಯೂಯಲ್ ಪಂಪು. ಜಾಸ್ತಿ ಗಾಳಿ, ಜಾಸ್ತಿ ಎಣ್ಣೆ. ಸಿಲಿಂಡರು ಅದೇ 16.

ಹೊಸ ಹೆಸರು ಬರೀ ಬಣ್ಣ ಅಂದಿರಲ್ಲ, ಹಾಗಲ್ಲ. ಸ್ಟೋರಿನವನು 2ರ ಚೀಟಿಗೆ 3ಎ ಸಾಮಾನು ಕೊಟ್ಟರೆ ಕೂರೋದೇ ಇಲ್ಲ.

ತೊಟ್ಟಿಮನೆ
ಒಂದು ಹೋಲಿಕೆ ಹೊಳೀತು. ನಮ್ಮೂರಲ್ಲಿ ತಾತನ ಮನೆ ಹೆಂಚು ಇಳಿಸಿ, ಕಂಬ ಕಿತ್ತು, ಆರ್‌ಸಿಸಿ ಹಾಕಿ, ಮೇಲೊಂದು ಮಹಡಿ ಎಬ್ಬಿಸಿದೆವು. ಬಾಗಿಲ ಮೇಲಿನ ಹೆಸರು ಬದಲಾಯ್ತು. ಪಂಚಾಯ್ತಿಯಲ್ಲಿ ಖಾತೆ ನಂಬರು ಮಾತ್ರ ತಾತನ ಕಾಲದ್ದೇ. ಇಲ್ಲಿ ರೋಡ್ ನಂಬರು (ಆ 17 ಸಾವಿರದ್ದು) ಅಂದರೆ ಖಾತೆ, ಕ್ಲಾಸ್ (2, 3ಎ ಅನ್ನೋದು) ಅಂದರೆ ಬಾಗಿಲ ಮೇಲಿನ ಹೆಸರು. ಸರಿನಾ?

ಪಿಟ್‌ಲೈನ್
ನೂರಕ್ಕೆ ನೂರು. ಖಾತೆ ನಂಬರಿನ ಬಾಲಕ್ಕೆ ಒಂದು 'ಆರ್' ಸೇರಿಸಿ ಕಳಿಸೋದು ಪಟಿಯಾಲಾದ ಪದ್ಧತಿ, ಅಷ್ಟೇ ವ್ಯತ್ಯಾಸ.

ಇಲಿನಾಯ್ ಕನ್ನಡಿಗ
ಇಲ್ಲಿ, ಅಮೆರಿಕದಲ್ಲಿ, ಖಾತೆ ನಂಬರೂ ಇಲ್ಲ ಏನೂ ಇಲ್ಲ ಅನ್ನಬೇಕು. ಇಂಜಿನ್ ಒಂದು ಕಂಪನಿಯಿಂದ ಇನ್ನೊಂದಕ್ಕೆ ಮಾರಾಟ ಆದರೆ ನಂಬರು ಬದಲು. ಮಾಡೆಲ್ ಹೆಸರಿಡುವ ಹಕ್ಕು ಮೊದಲು ಕಟ್ಟಿದವರದ್ದು, ಆದರೆ ರೀಬಿಲ್ಡ್ ಆದಮೇಲೆ ಯಾವ ವರ್ಕ್‌ಶಾಪು ಕಟ್ಟಿತೋ ಅದು ಇಟ್ಟದ್ದೇ ಹೆಸರು. ಇಡೀ ದೇಶಕ್ಕೆ ಒಂದೇ ನಾಮಕರಣದ ಪುರೋಹಿತ ಇಲ್ಲ.

ನನಗೆ ಅತಿ ಇಷ್ಟದ ಉದಾಹರಣೆ ಇಲಿನಾಯ್ ಸೆಂಟ್ರಲ್ ರೈಲ್ವೆಯದ್ದು. ಒಹಾಯೊ ನದಿ ದಾಟಿದರೆ ಕೆಂಟಕಿಯ ಪಡೂಕಾ ಅಂತ ಊರು, ಅಲ್ಲಿ ಅವರ ವರ್ಕ್‌ಶಾಪು. ಇಎಂಡಿಯ ಜಿಪಿ-7, ಜಿಪಿ-9 ಹಳೇದಾಗಿದ್ದವು. (ಜಿಪಿ ಅಂದರೆ ಜನರಲ್ ಪರ್ಪಸ್, ನಮ್ಮ 'ಎಂ' ಇದ್ದ ಹಾಗೆ ಅಂದುಕೊಳ್ಳಿ.) ಇಎಂಡಿ 7 ಆದಮೇಲೆ 9, 9 ಆದಮೇಲೆ 18, 20, 30 ಅಂತ ಹಾರಿಕೊಂಡು ಹೋಗಿತ್ತು. ನಡುವೆ 8, 10, 11 ಖಾಲಿ. ಪಡೂಕಾದವರು ಹಳೇ ಇಂಜಿನ್ ಬಿಚ್ಚಿ ಕಟ್ಟಿ, ಆ ಖಾಲಿ ಜಾಗಗಳಲ್ಲಿ ಕೂರಿಸಿದರು: 1600 ಅಶ್ವಶಕ್ತಿಯದ್ದು ಜಿಪಿ-8, 1850ರದ್ದು ಜಿಪಿ-10, ಆಮೇಲೆ ಹೊಸ ಎಲೆಕ್ಟ್ರಿಕಲ್ ವ್ಯವಸ್ಥೆ ಹಾಕಿದ್ದು ಜಿಪಿ-11. ಇಎಂಡಿಯ ಕ್ಯಾಟಲಾಗಿನಲ್ಲಿ ಈ ಮೂರೂ ಯಾವತ್ತೂ ಇರಲಿಲ್ಲ. ಮೇಲೆ ಯಾರೋ ಕರ್ಚೀಫ್ ಅಂದರಲ್ಲ, ಇಲ್ಲಿ ಉಲ್ಟಾ, ಯಾರೂ ಕೂರದ ಸೀಟು ಹುಡುಕಿ ಕೂತದ್ದು.

ಭಾರತದ ಕೊಂಡಿಯೂ ಇದೆ. ನಮ್ಮ ಡಬ್ಲ್ಯುಡಿಎಂ-4 ಅಂದರೆ ಇಎಂಡಿಯ ಎಸ್‌ಡಿ-24ರ ಒಡಹುಟ್ಟು. ಇಲ್ಲಿ ಅದೇ ಎಸ್‌ಡಿ-24ಗಳನ್ನು ಪಡೂಕಾಗೆ ತಂದು, ಕಾಟ ಕೊಡೋ ಟರ್ಬೋ ಕಿತ್ತು ಹಾಕಿದರು. 2400 ಇದ್ದದ್ದು 2000ಕ್ಕೆ ಇಳಿಯಿತು. ಹೆಸರು? ಎಸ್‌ಡಿ-20! ರೀಬಿಲ್ಡ್ ಆದಮೇಲೆ ಹೆಸರಿನ ಅಂಕಿ ಕೆಳಗೆ ಇಳಿದದ್ದನ್ನು ನಾನು ನೋಡಿದ್ದು ಇದರಲ್ಲೇ ಮೊದಲು.

ಮೇಲ್ ಡ್ರೈವರ್ ನಿವೃತ್ತ
ಪಡೂಕಾದವರು ಪ್ರಾಮಾಣಿಕರು. ನನ್ನ ಸಿಮೆಂಟ್ ಗಾಡಿಯ ದಿನ ಅವರು ನಮ್ಮ ಶೆಡ್ಡಿನಲ್ಲಿ ಇರಬೇಕಿತ್ತು.

ಅರಸೀಕೆರೆ ಲೂಪ್‌ಲೈನ್
😂 ಇಲಿನಾಯ್ ಅವರೇ, ಇನ್ನೂ ಇದ್ದರೆ ಹೇಳಿ. ಎಷ್ಟು ಬದಲಾಯಿಸಿದರೆ ಹೊಸ ಹೆಸರು ಅಂತ ಏನಾದರೂ ಗಡಿ ಇದೆಯಾ?

ಇಲಿನಾಯ್ ಕನ್ನಡಿಗ
ಹೆಸರಿಗೆ ಗಡಿ ಇಲ್ಲ. ಆದರೆ 'ಹೊಸದು' ಅನ್ನೋ ಪದಕ್ಕೆ ಇದೆ, ಅದು ಹೊಗೆ ಕಾನೂನಿನದ್ದು. ಬೆಲೆಯ ಲೆಕ್ಕದಲ್ಲಿ ಬಳಸಿದ ಹಳೇ ಭಾಗಗಳು ಶೇ. 25ಕ್ಕಿಂತ ಕಡಿಮೆ ಇದ್ದರೆ ಅದನ್ನು ಹೊಸದಾಗಿ ತಯಾರಾದ ಇಂಜಿನ್ ಅಂತಲೇ ಎಣಿಸುತ್ತಾರೆ. 2015ರಿಂದ ಹೊಸ ಇಂಜಿನ್‌ಗೆ ಟಿಯರ್ 4 ಅನ್ನೋ ಬಿಗಿ ನಿಯಮ. ಹಾಗಾಗಿ ಹಳೇ ಚಾಸಿ, ಹಳೇ ಇಂಜಿನ್ ಬ್ಲಾಕು ಉಳಿಸಿಕೊಂಡು ಕಟ್ಟೋದರಲ್ಲಿ ಕಂಪನಿಗಳಿಗೆ ಲಾಭ ಇದೆ. ಇತ್ತೀಚಿನ ವರ್ಷಗಳಲ್ಲಿ ನೀವು ನೋಡೋ ಉದ್ದುದ್ದ ಹೆಸರುಗಳು ಹುಟ್ಟಿದ್ದು ಈ ಭರಾಟೆಯಲ್ಲಿ.

ಉದಾಹರಣೆಗೆ ಅಮೆರಿಕದ ಜಿಇ ಕಂಪನಿಯ ಡ್ಯಾಶ್-9 ಇಂಜಿನ್. ನಾರ್ಫೋಕ್ ಸದರ್ನ್ ರೈಲ್ವೆ ತನ್ನ ಡ್ಯಾಶ್-9ಗಳ ಡಿಸಿ ಮೋಟಾರ್ ತೆಗೆದು ಎಸಿ ಹಾಕಿಸಿತು. ಹೊಸ ಹೆಸರು ಎಸಿ-44-ಸಿ-6-ಎಂ. ಬಿಡಿಸಿ ಓದಿ: ಎಸಿ ಮೋಟಾರು, 4400 ಅಶ್ವಶಕ್ತಿ, ಆರು ಮೋಟಾರು, ಎಂ ಅಂದರೆ ಮಾಡರ್ನೈಸ್ಡ್. ಬಿಎನ್‌ಎಸ್‌ಎಫ್ ರೈಲ್ವೆಯವರದ್ದು ಸಿ-4-ಎಂ, ಯಾಕಂದರೆ ಆರು ಆಕ್ಸಲ್ ಇದ್ದರೂ ಮೋಟಾರು ನಾಲ್ಕೇ. ಹುಬ್ಬಳ್ಳಿಯವರು ಹೆಸರಲ್ಲಿ ಕಾಣಲ್ಲ ಅಂದರಲ್ಲ, ಇಲ್ಲಿ ಅದನ್ನು ಹೆಸರಲ್ಲೇ ಬರೆದಿದ್ದಾರೆ.

ಹುಬ್ಬಳ್ಳಿ ಮಂದಿ
ನೋಡ್ರಿ! ನಾ ಹೇಳಿದ್ದ ಅಮೆರಿಕಾದವ್ರು ಕೇಳ್ಯಾರ.

ಆಲ್ಕೋ ಹೊಗೆ
ಅಮೆರಿಕದ ಸಾಂಟಾ ಫೆ ರೈಲ್ವೆಯವರ ಸಿಎಫ್-7 ಬಗ್ಗೆ ಹೇಳದೇ ಬಿಟ್ಟರೆ ಈ ಚರ್ಚೆ ಅಪೂರ್ಣ. ಇಲಿನಾಯ್ ಅವರೇ, ಬರೀರಿ, ನಿಮ್ಮ ಕೈಯಲ್ಲಿ ಚೆನ್ನಾಗಿ ಬರುತ್ತೆ.

ಇಲಿನಾಯ್ ಕನ್ನಡಿಗ
ಬರೀತೀನಿ. ಎಫ್-7 ಅಂದರೆ ಹಳೇ ಪೋಸ್ಟರುಗಳಲ್ಲಿ ಕಾಣೋ ಉರುಟು ಮೂತಿಯ ಚೆಲುವೆ. ಅದರ ಪಕ್ಕದ ಗೋಡೆಗಳು ಬರೀ ತಗಡಲ್ಲ, ಒಳಗೆ ಸೇತುವೆಯ ಹಾಗೆ ಓರೆ ಕಂಬಿಗಳ ಜಾಲ. ಭಾರ ಹೊರೋದೇ ಆ ಗೋಡೆಗಳು. ಶಂಟಿಂಗ್ ಮಾಡೋರಿಗೆ ಹಿಂದೆ ಏನೂ ಕಾಣದ ಮೈ. 1970ರಿಂದ 1978ರವರೆಗೆ ಟೆಕ್ಸಸ್‌ನ ಕ್ಲೆಬರ್ನ್ ವರ್ಕ್‌ಶಾಪಿನಲ್ಲಿ 233 ಎಫ್-7ಗಳ ಆ ಮೈಯನ್ನೇ ಕತ್ತರಿಸಿ ತೆಗೆದು, ನಮ್ಮ ಡಬ್ಲ್ಯುಡಿಎಂ ತರಹ ಇಕ್ಕೆಲದಲ್ಲಿ ನಡೆದಾಡುವ ಹಲಗೆ, ನಡುವೆ ಹುಡ್ಡು ಮಾಡಿದರು. ಗೋಡೆ ಹೋದರೆ ಭಾರ ಹೊರೋದು ಯಾರು? ಅದಕ್ಕೇ ಕೆಳಗೆ ದಪ್ಪನೆಯ ಹೊಸ ತೊಲೆ ಹಾಕಬೇಕಾಯ್ತು. ಪಕ್ಕದಿಂದ ನೋಡಿದರೆ ಆ ತೊಲೆ ಎದ್ದು ಕಾಣುತ್ತೆ, ಸೀರೆ ಉಟ್ಟವರಿಗೆ ಲಾರಿ ಡ್ರೈವರ್ ಬೂಟು ತೊಡಿಸಿದ ಹಾಗೆ. ಹೆಸರು ಸಿಎಫ್-7, ಕನ್ವರ್ಟೆಡ್ ಎಫ್-7. ಶಕ್ತಿ ಅದೇ 1500. ಮೈ ಪೂರ್ತಿ ಹೋದರೂ ಹೆಸರಿನಲ್ಲಿ ಹಳೇ ತಾಯಿ ಉಳಿದುಕೊಂಡಳು.

ಇದಕ್ಕೆ ತದ್ವಿರುದ್ಧ ಜಿಪಿ-15-1. 1976ರಿಂದ ಇಎಂಡಿ ಮಾಡಿದ್ದು. ಗಿರಾಕಿ ಹಳೇ ಜಿಪಿ-7, ಜಿಪಿ-9 ಕೊಟ್ಟರೆ ಅವುಗಳ ಬೋಗಿ (ಗಾಲಿಗಳನ್ನು ಹಿಡಿಯೋ ಚೌಕಟ್ಟು) ಮುಂತಾದ ಭಾಗಗಳನ್ನು ಹೊಸ ಇಂಜಿನ್‌ಗೆ ಹಾಕಿ ಕೊಡ್ತಿದ್ದರು. ಒಳಗೆ ಹಳೇ ಸಾಮಾನು ಬೇಕಾದಷ್ಟಿದೆ, ಆದರೂ ಅದನ್ನು ಯಾರೂ ರೀಬಿಲ್ಡ್ ಅನ್ನಲ್ಲ. ಫ್ರೇಮು ಹೊಸದು, ಕಟ್ಟಿದ್ದು ಮೂಲ ಕಂಪನಿ, ಹೆಸರು ಕ್ಯಾಟಲಾಗಿನಲ್ಲಿದೆ.

ಕೆನಡಾದ ಎರಡು ರೈಲ್ವೆ ಕಂಪನಿಗಳದ್ದು ಒಂದೇ ಸಾಲು: ಜಿಪಿ-9ಕ್ಕೆ ಹೆಚ್ಚುಕಮ್ಮಿ ಒಂದೇ ತರಹದ ಕೆಲಸ ಮಾಡಿ ಸಿಎನ್‌ನವರು ಜಿಪಿ-9-ಆರ್‌ಎಂ ಅಂದರು, ಸಿಪಿಯವರು ಜಿಪಿ-9-ಯು ಅಂದರು.

ಡರ್ಬಿ ಕಡೆಯವ
ಇಂಗ್ಲೆಂಡಿನದ್ದು ಚಿಕ್ಕದಾಗಿ. ಇಲ್ಲಿ ಮುಖ್ಯವಾಗಿ ನೋಡೋದು ಒಳಗಿನ ಎಂಜಿನ್. ಕ್ಲಾಸ್ 30ಕ್ಕೆ ಬೇರೆ ಎಂಜಿನ್ ಕೂರಿಸಿದರು, ಕ್ಲಾಸ್ 31 ಆಯ್ತು. 47ಕ್ಕೆ ಇಎಂಡಿ ಎಂಜಿನ್ ಹಾಕಿ 33 ಇಂಜಿನ್‌ಗಳನ್ನು 57 ಮಾಡಿದರು. ಇತ್ತೀಚೆಗೆ 56ರ ದೇಹದೊಳಗೆ ಇಎಂಡಿ 710 ಎಂಜಿನ್ ಇಟ್ಟು 69 ಮಾಡಿದ್ದಾರೆ. ನಂಬರು ಕ್ಲಾಸಿನಿಂದಲೇ ಶುರುವಾಗೋದರಿಂದ, ಕ್ಲಾಸ್ ಬದಲಾದರೆ ನಂಬರೂ ಬದಲು. ತೊಟ್ಟಿಮನೆಯವರ ಖಾತೆ ಇಲ್ಲಿ ಉಳಿಯಲ್ಲ.

ತೊಟ್ಟಿಮನೆ
ಹಾಗಾದರೆ ಇಂಗ್ಲೆಂಡಿನಲ್ಲಿ ಮನೆ ಕಟ್ಟೋಲ್ಲ ನಾನು.

ಆಲ್ಕೋ ಹೊಗೆ
ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ನೆಗೆತ ಒಂದಿದೆ, ಯಾರೂ ಹೇಳಲಿಲ್ಲ. 2018ರಲ್ಲಿ ವಾರಾಣಸಿಯಲ್ಲಿ ಎರಡು ಡಬ್ಲ್ಯುಡಿಜಿ-3ಎ ತೆಗೆದುಕೊಂಡು, ಡೀಸೆಲ್ ಎಂಜಿನ್ ಹೊರಗೆಸೆದು, ಮೇಲಿನ ತಂತಿಯಿಂದ ಕರೆಂಟ್ ತಗೊಳ್ಳೋ ಪ್ಯಾಂಟೋಗ್ರಾಫ್ ಹಾಕಿ, ಬೆನ್ನಿಗೆ ಬೆನ್ನು ಜೋಡಿಸಿ 10,000 ಅಶ್ವಶಕ್ತಿಯ ಕರೆಂಟ್ ಇಂಜಿನ್ ಮಾಡಿದರು. 69 ದಿನದ ಕೆಲಸ ಅಂತ ಪ್ರಚಾರ. 2019ರ ಫೆಬ್ರವರಿಯಲ್ಲಿ ಪ್ರಧಾನಿ ಬಾವುಟ ತೋರಿಸಿದರು. ಹೆಸರು ಡಬ್ಲ್ಯುಎಜಿಸಿ-3. ಡಿ ಇದ್ದ ಜಾಗಕ್ಕೆ ಎ ಬಂತು, ಜಿ ಆದಮೇಲೆ 'ಸಿ' ಬಂತು, ಸಿ ಅಂದರೆ ಕನ್ವರ್ಟೆಡ್. ಕೊನೆಯ 3 ಮಾತ್ರ ಡೀಸೆಲ್ ಕಾಲದ್ದು. 10,000 ಅಶ್ವಶಕ್ತಿಗೆ 3 ಅಂತ ಬರೆದದ್ದು ನೋಡಿದರೆ ನನಗೆ ಈಗಲೂ ನಗು. ಸಾಂಟಾ ಫೆಯ ಸಿಎಫ್-7 ನೆನಪಾಗಲ್ವಾ? ಅದೇ 'ಸಿ', ಅದೇ ಹಳೇ ಅಂಕಿ.

ಪಿಟ್‌ಲೈನ್
ಪಟಿಯಾಲಾದವರ ಡಬ್ಲ್ಯುಡಿಎಂ-2ಜಿಯೂ ಸೇರಿಸಿ. 800 ಅಶ್ವಶಕ್ತಿಯ ಮೂರು ಕಮಿನ್ಸ್ ಜೆನ್‌ಸೆಟ್ (ಎಂಜಿನ್ ಮತ್ತು ಜನರೇಟರ್ ಜೋಡಿ), ಒಟ್ಟು 2400. ಅಕ್ಷರದ ಲೆಕ್ಕದಲ್ಲಿ 2ಡಿ ಆಗಬೇಕು. ಜಿ ಅಂತ ಇಟ್ಟರು, ಜೆನ್‌ಸೆಟ್ ಅಂತ.

ಅರಸೀಕೆರೆ ಲೂಪ್‌ಲೈನ್
ಎಲ್ಲರಿಗೂ ಥ್ಯಾಂಕ್ಸ್. ಮನೆಗೆ ಬಂದು ಫೋಟೋ ದೊಡ್ಡದು ಮಾಡಿ ನೋಡಿದೆ. ಇಳಿಬಿಸಿಲು ಅಡ್ಡಡ್ಡ ಬಿದ್ದಿದ್ದರಿಂದ ಪದರ ಪದರ ಬಣ್ಣದ ಉಬ್ಬು ಕಾಣ್ತಾ ಇದೆ. '3ಎ' ಅಂತ ಬರೆದ ಜಾಗದಲ್ಲಿ, ಬಣ್ಣದ ಕೆಳಗೆ, ಒಂದು '2'ರ ಬಾಲ ಇದೆ. 3ರ ಹೊಟ್ಟೆಯ ಕೆಳಗಿಂದ ಹೊರಗೆ ಇಣುಕ್ತಾ ಇದೆ. ಫ್ರೇಮಿನ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಪಟಿಯಾಲಾದ ಹೆಸರೂ ಇದೆ, ಇಸವಿಯ ಮೇಲೆ ಎಣ್ಣೆ ಮೆತ್ತಿದೆ.

ಮೇಲ್ ಡ್ರೈವರ್ ನಿವೃತ್ತ
ಫೋಟೋ ಹಾಕಿ. ನಂಬರಿನ ಕೊನೆಯ ಮೂರು ಅಂಕಿ ನೋಡಬೇಕು. ಆ ಸಿಮೆಂಟ್ ಗಾಡಿಯದ್ದು ನನಗಿನ್ನೂ ಬಾಯಿಪಾಠ.

ಅರಸೀಕೆರೆ ಲೂಪ್‌ಲೈನ್
ರಾತ್ರಿ ಹಾಕ್ತೀನಿ ಸರ್.